ಒರೆಸಿದ ಎಲೆ

"ನೋಡಿ, ನಮ್ಮ ನಿಕಲ್ ಕುಲುಮೆ ಬೇಲಿ ಪಕ್ಕದ್ದೇ ಎಲೆ. ಒಂದೊಂದು ನರಾನೂ ಕಾಣ್ತಿದೆ. ಧೂಳು ಎಲ್ರೀ?" ಕಂಪನಿಯ ಮ್ಯಾನೇಜರ್, ಎಲೆಯೊಂದನ್ನು ತೀರಾ ಹತ್ತಿರದಿಂದ ತೆಗೆದ ಫೋಟೋ ಇದ್ದ ಕಂಪನಿ ಕ್ಯಾಲೆಂಡರನ್ನು ವಿಚಾರಣಾಧಿಕಾರಿಯ ಮುಂದೆ ಬಿಡಿಸಿ ಹಿಡಿದ. ಕೆಮ್ಮಿ ಕೆಮ್ಮಿ ಸೋತ ಸುಲಾವೆಸಿ ದ್ವೀಪದ ಆ ಕಡಲಹಳ್ಳಿ ಕುಲುಮೆಯ ಧೂಳಿನ ಮೇಲೆ ದೂರು ಕೊಟ್ಟಿತ್ತು. ಆ ಫೋಟೋ ತೆಗೆದ, ಅದೇ ಹಳ್ಳಿಯ ಲಾ ಹಾಮಿ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದ.

"ನಿನ್ನ ಎಲೆ ಚೆಂದ ಬಂದಿದೆ ಕಣೋ," ಪಕ್ಕದಲ್ಲಿದ್ದ ಚಿಕ್ಕಮ್ಮ ವಾ ಸಿತ್ತಿ ಕೆಮ್ಮುತ್ತಲೇ ಚುಚ್ಚಿದಳು. "ನನ್ನ ಎದೆಗೂಡಿಂದೂ ಒಂದು ಫೋಟೋ ತೆಗಿ. ಅದನ್ನೂ ಗೋಡೆಗೆ ನೇತುಹಾಕ್ಕೊಳ್ಲಿ."

ಅಷ್ಟು ಹತ್ತಿರದಿಂದ ತೆಗೆಯುವಾಗ ಎಲೆಯ ಮೇಲಿನ ಕಣವೂ ಬಂಡೆಯಾಗಿ ಕಾಣುತ್ತದೆ. ಅದಕ್ಕೇ ಮೊದಲು ಮೆತ್ತನೆಯ ಬ್ರಷ್ಷಿನಿಂದ ಒರೆಸುವುದು ಇಂಥ ಫೋಟೋ ತೆಗೆಯುವವರೆಲ್ಲರ ರೂಢಿ. ಅವನೂ ಒರೆಸಿದ್ದ, ಮಗುವಿನ ಮುಖ ಒರೆಸುವಷ್ಟು ಅಕ್ಕರೆಯಿಂದ.

ಲಾ ಹಾಮಿ ಎದ್ದು ಮೇಜಿನವರೆಗೆ ನಡೆದ. "ಧೂಳು ಇಲ್ಲಿದೆ ಸಾಹೇಬ್ರೆ. ಒರೆಸಿದ ಪಾಪಿ ನಾನೇ." ಜೇಬಿನಿಂದ ಬ್ರಷ್ ತೆಗೆದು ದೂರಿನ ಹಾಳೆಯ ಮೇಲೆ ಕುಟ್ಟಿದ. ಕೆಂಪು ಧೂಳು ಗುಪ್ಪೆಂದು ಎದ್ದಿತು. ವಿಚಾರಣಾಧಿಕಾರಿ ಒಂದು ಕೈಯಲ್ಲಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಇನ್ನೊಂದು ಕೈಯಿಂದ, ಆ ಧೂಳಿನ ಮೇಲೆಯೇ, 'ಆಧಾರವಿಲ್ಲ' ಎಂಬ ಮೊಹರು ಒತ್ತಿದ.