ಗಟ್ಟಿ ತೇಗ

ದ್ರಾವಣ ಸುರಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಡಬೇಕೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಮೇಷ್ಟ್ರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸುರಿದ ಮರುಗಳಿಗೆಯೇ ತಗಡಿನ ಪಟ್ಟಿ ಹಿಡಿದು ಊಟದ ಮೇಜನ್ನು ಕೆರೆಯತೊಡಗಿದರು. ಹಳೆಯ ಪಾಲಿಶ್ ಅರ್ಧ ಕರಗಿ ಅರ್ಧ ಕರಗದೆ, ಬಿಸಿಲಿಗೆ ಮೆತ್ತಗಾದ ಡಾಂಬರಿನ ಹಾಗೆ ಪಟ್ಟಿಗೆ ಅಂಟಿಕೊಂಡಿತು. ಒರೆಸಿದರು, ಮತ್ತೆ ಸುರಿದರು. ಕಣ್ಣು ಉರಿಯಿತು. ನಡುನಡುವೆ ಎದ್ದು ಹೋಗಿ ಕಿಟಕಿಯ ಬಳಿ ಇಟ್ಟಿದ್ದ ಫೋನನ್ನು ನೋಡಿ ಬಂದರು.

ಜೀವಮಾನವೆಲ್ಲ ಗಣಿತ ಹೇಳಿಕೊಟ್ಟ ಕೈ ಅದು. ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಹೆಂಡತಿಯೇ ಸ್ಟೂಲು ಹತ್ತಬೇಕಿತ್ತು. ಅಂಥವರು ಇವತ್ತು ಎದ್ದವರೇ ಅಂಗಡಿಗೆ ಹೋಗಿ ಡಬ್ಬಿ, ಪಟ್ಟಿ, ಒಂದು ಕಟ್ಟು ಸ್ಯಾಂಡ್‌ಪೇಪರ್ ತಂದು, ಹಜಾರದ ತುಂಬ ಹಳೆಯ ಪತ್ರಿಕೆ ಹಾಸಿದ್ದನ್ನು ಕಂಡರೂ ಆಕೆ ಏನೂ ಕೇಳಿರಲಿಲ್ಲ. ಕಾರಣ ಗೊತ್ತಿತ್ತು. ಮೇಷ್ಟ್ರ ಅಕ್ಕನಿಗೆ ಇವತ್ತು ಆಪರೇಷನ್. ಹೊಟ್ಟೆಯಲ್ಲಿ ಗಡ್ಡೆ. ಸುದ್ದಿ ತಂದದ್ದು ಯಾರೋ ದೂರದ ನೆಂಟರು. ಆ ಮನೆಯಿಂದ ಒಂದು ಮಾತೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ಅಪ್ಪನ ಮನೆ ಖಾಲಿ ಮಾಡುವಾಗ ಈ ಮೇಜಿಗಾಗಿಯೇ ಅಕ್ಕ, ತಮ್ಮ ಮಾತು ಬಿಟ್ಟಿದ್ದರು. ಅಪ್ಪ ನನಗೆ ಅಂದಿದ್ದ ಎಂದು ಅವಳು, ಇಲ್ಲ ನನಗೆ ಅಂದಿದ್ದ ಎಂದು ಇವರು. ಗಾಡಿ ಮೊದಲು ತಂದವರು ಇವರು. "ಅದರ ಮೇಲೆ ನೀನೊಬ್ಬನೇ ಕೂತು ಉಣ್ಣು!" ಎಂದು ಅಕ್ಕ ಬೀದಿಯಲ್ಲಿ ನಿಂತು ಕೂಗಿದ್ದಳು.

"ಒಂದು ಫೋನ್ ಮಾಡಿ ಕೇಳ್ಬಾರದಾ?" ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಿಗೆ ಒರಗಿ.

"ಬೇಕಿದ್ರೆ ಅವರೇ ಮಾಡ್ತಾರೆ."

"ಅತ್ತಿಗೆ ಮಲಗಿರೋದು ಆಪರೇಷನ್ ಟೇಬಲ್ ಮೇಲೆ ರೀ."

"ಭಾವ ಇದ್ದಾರಲ್ಲ? ಅವರಿಗೇನು ಬಾಯಿಲ್ವಾ?"

"ಅವರೂ ನಿಮ್ಮ ಹಾಗೇ ಅಂದ್ಕೊಂಡು ಕೂತಿದ್ರೆ?"

ಮೇಷ್ಟ್ರು ಕಟ್ಟಿನಲ್ಲಿದ್ದ ಅತಿ ಒರಟು ಕಾಗದವನ್ನೇ ಎಳೆದುಕೊಂಡರು. ಮರದ ಎಳೆ ಹಿಡಿದು ಉದ್ದಕ್ಕೆ, ಹಗುರವಾಗಿ ಉಜ್ಜಬೇಕಂತೆ. ಇವರು ಅಡ್ಡಡ್ಡ ಉಜ್ಜಿದರು, ಸುತ್ತಿ ಸುತ್ತಿ ಉಜ್ಜಿದರು. ಕಪ್ಪು ಹೋಗಿ ಜೇನಿನ ಬಣ್ಣ ಮೇಲೆ ಬಂದಾಗ ಒಂದು ಕ್ಷಣ ಖುಷಿಯಾಯಿತು. ಮನೆಗೆ ಬಂದವರಿಗೆಲ್ಲ ಅಪ್ಪ ಇದನ್ನು ಬೆರಳ ಗೆಣ್ಣಿನಿಂದ ಕುಟ್ಟಿ ತೋರಿಸುತ್ತಿದ್ದರು: "ಗಟ್ಟಿ ತೇಗ! ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ." ಈಗ ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿರಬಹುದು. ಅಥವಾ ಮುಗಿದೇ ಹೋಗಿರಬಹುದು. ಮುಗಿದಿದ್ದರೆ ಯಾರಾದರೂ ಹೇಳಬೇಡವೇ? ಉಜ್ಜಿದಲ್ಲೇ ಮತ್ತೆ ಉಜ್ಜಿದರು.

ಕೈಯಡಿಯ ಸದ್ದು ಬದಲಾಯಿತು. ಬಗ್ಗಿ ದೂಳು ಊದಿದರು. ಮೇಜಿನ ನಡುವೆ ಅಂಗೈಯಗಲ ಒಂದು ಮಾಸಲು ಕಲೆ. ಎಳೆಯಿಲ್ಲ, ಗಂಟಿಲ್ಲ. ಉಗುರಿನಿಂದ ಕೆದಕಿದರೆ ಪುಡಿ ಉದುರಿತು. ಕಲೆಯ ಸುತ್ತ ತೇಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಎದ್ದು ನಿಂತಿತ್ತು.

"ಇಲ್ಲಿ ಬಾ. ಇದೇನು ನೋಡು."

ಹೆಂಡತಿ ಬಂದು ಮುಟ್ಟಿ ನೋಡಿದಳು. "ಮರದ ಹೊಟ್ಟಲ್ವಾ? ಅಂಟು ಹಾಕಿ ಒತ್ತಿ ಹಲಗೆ ಮಾಡಿದ್ದಾರೆ. ಮೇಲೆ ಮಾತ್ರ ತೇಗದ ಹಾಳೆ." ನಗು ಬಂತು. ಗಂಡನ ಮುಖ ನೋಡಿ ಅದು ಅಲ್ಲಿಗೇ ನಿಂತಿತು.

ಮೇಷ್ಟ್ರು ಪುಡಿಯನ್ನು ಬೆರಳಲ್ಲಿ ಹೊಸಕುತ್ತ ನಿಂತರು. ಇದನ್ನು ಈಗಲೇ ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಿದರೆ ಪೂರ್ತಿ ಅರ್ಥವಾಗುವವಳು ಒಬ್ಬಳೇ. ಚಪ್ಪಲಿ ಮೆಟ್ಟಿಕೊಂಡು ಹಾಗೇ ಹೊರಟರು.

"ಅಂಗಿನಾದ್ರೂ ಬದಲಾಯಿಸ್ಕೊಳ್ಳಿ!" ಎಂದು ಹೆಂಡತಿ ಕೂಗಿದ್ದು ಬೀದಿಯವರೆಗೂ ಕೇಳಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಭಾವ, ಅಕ್ಕನ ಚಪ್ಪಲಿ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇವರನ್ನು ಕಂಡು ಗಡಬಡಿಸಿ ಎದ್ದರು. "ಮಾಡ್ಲೋ ಬೇಡ್ವೋ ಅಂತ ಫೋನ್ ಹಿಡ್ಕೊಂಡೇ ಕೂತಿದ್ದೆ ಕಣಯ್ಯಾ. ಗಡ್ಡೆ ತೆಗೆದ್ರು. ಎಂಥದ್ದು ಅಂತ ನೋಡೋಕೆ ಕಳ್ಸಿದ್ದಾರೆ. ಗೊತ್ತಾಗೋಕೆ ದಿನ ಹಿಡಿಯುತ್ತಂತೆ." ಆಮೇಲೆ ಇಬ್ಬರೂ ಕೂರಲಿಲ್ಲ. ನರ್ಸ್ ಬಂದು ಒಬ್ಬರು ಹೋಗಬಹುದು ಎಂದಾಗ ಭಾವ ಮೇಷ್ಟ್ರ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದರು.

ಅಕ್ಕ ಕಣ್ಣು ಬಿಟ್ಟಿದ್ದಳು. ಮುಖ ಒಂದು ಹಿಡಿಯಾಗಿತ್ತು. ತಮ್ಮ ಹತ್ತಿರ ಬರುತ್ತಲೇ ಮೂಗು ಸಿಂಡರಿಸಿದಳು. "ಥೂ, ಏನೋ ಇದು ವಾಸನೆ?"

ಹೇಗಿದ್ದೀಯ ಎಂದು ಕೇಳಲು ಹೊರಟ ಬಾಯಿಗೆ ಬೇರೆಯೇ ಬಂತು. "ಅಕ್ಕಾ, ಅದು ತೇಗ ಅಲ್ಲ ಕಣೇ."

"ಯಾವುದು?"

"ಮೇಜು. ಮೇಲೊಂದು ಹಾಳೆ ಅಂಟಿಸಿದ್ದಾರೆ ಅಷ್ಟೇ. ಒಳಗೆಲ್ಲ ಹೊಟ್ಟು. ಪಾಲಿಶ್ ಮಾಡೋಣ ಅಂತ ಹೋಗಿ ಉಜ್ಜಿ ತೂತು ಮಾಡ್ಬಿಟ್ಟೆ."

ಅಕ್ಕ ಚಾವಣಿ ನೋಡಿದಳು. ನಿಧಾನಕ್ಕೆ ಅವಳ ಭುಜ ಅಲುಗತೊಡಗಿತು. "ಅಯ್ಯೋ, ನಗಿಸ್ಬೇಡ ಕಣೋ... ಹೊಲಿಗೆ ಎಳೆಯುತ್ತೆ..." ಕಣ್ಣಂಚಿನ ನೀರು ಕಿವಿಯ ಕಡೆಗೆ ಇಳಿಯಿತು. "ಅಪ್ಪನಿಗೆ ಗೊತ್ತಿತ್ತೇನೋ?"

"ಎಲ್ಲರಿಗೂ ಕುಟ್ಟಿ ಕುಟ್ಟಿ ತೋರಿಸ್ತಿದ್ದ. ಗೊತ್ತಿದ್ದವರು ಹಾಗೆ ಕುಟ್ತಾರಾ?"

"ಗೊತ್ತಿದ್ದವರೇ ಕುಟ್ಟೋದು."

ಹೊರಗೆ ಯಾವುದೋ ತಳ್ಳುಗಾಡಿ ಕಿರ್ರೆನ್ನುತ್ತ ಹೋಯಿತು. "ಹೋಗ್ಲಿ ಬಿಡು, ನಾಳೆ ಎತ್ತಿ ಬಿಸಾಡ್ತೀನಿ" ಎಂದರು ಮೇಷ್ಟ್ರು.

ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದ ಕೈ ಹೊದಿಕೆಯೊಳಗಿಂದ ಹೊರಗೆ ಬಂತು. ತಡಕಾಡಿ ಅವರ ಮುಂಗೈ ಹಿಡಿದುಕೊಂಡಿತು.

"ಬಿಸಾಡೋಕೆ ನೀನ್ಯಾರೋ? ಹೊಟ್ಟೋ ತೇಗನೋ, ಅದು ನನಗೆ ಬರಬೇಕಾಗಿದ್ದ ಮೇಜು."