ನಾಲ್ಕನೆಯ ತಟ್ಟೆ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಆದರೂ ನೂಲಿನ ಚೀಲದ ವಾಸನೆ ಬಂದರೆ ಇಂದಿಗೂ ಬಾಗಿಲ ಕಡೆ ತಿರುಗಿ ನೋಡುತ್ತೇನೆ.

ನಾನು ಚಿಕ್ಕವಳಿದ್ದಾಗ, ಮಗ್ಗದೂರು ಕಬನೂರಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು ಅವ್ವ, ತಂಗಿ, ನಾನು. ತಟ್ಟೆ ಮಾತ್ರ ನಾಲ್ಕಿದ್ದವು. ಗಂಡನ ಹೊಡೆತಕ್ಕೆ ಹೆದರಿ ಓಡಿಬಂದ ಪಕ್ಕದ ಮನೆಯ ಲಕ್ಕವ್ವ ನೂಲಿನ ಚೀಲಗಳ ಹಿಂದೆ ಅಡಗಿದ್ದಳು. ಅವನು ಬಡಿಗೆ ಹಿಡಿದು ಬಾಗಿಲಿಗೆ ಬಂದ.

"ಅಕ್ಕಾರ, ನನ್ನ ಹೇಣ್ತಿ ಇಲ್ಲಿ ಬಂದಾಳೇನ್ರಿ? ನೀವು ಸುಳ್ಳು ಹೇಳಂಗಿಲ್ಲಂತ ಓಣಿಗೆಲ್ಲಾ ಗೊತ್ತೈತಿ."

"ಊಟದ ಮುಂಚೆ ಪ್ರಾರ್ಥನಾ ಐತಪಾ, ತಡಿ," ಎಂದು ಅವ್ವ ಕಣ್ಣು ಮುಚ್ಚಿದಳು. ಅನ್ನಕ್ಕಾಗಿ ಸ್ತೋತ್ರ ಹೇಳಿ, ಓಣಿಯವರನ್ನೆಲ್ಲ ಹೆಸರು ಹಿಡಿದು ನೆನೆದು, "ಯೇಸಪ್ಪಾ, ಬಾಗಿಲದಾಗ ನಿಂತಾವನ ಸಿಟ್ಟು ಇಳಸಪಾ" ಎಂದಳು. ರೊಟ್ಟಿ ಆರಿತು. ನಾನು ಮೆಲ್ಲಗೆ ಕಣ್ಣು ತೆರೆದೆ. ಅವನು ತಟ್ಟೆಗಳನ್ನೇ ನೋಡುತ್ತಿದ್ದ.

ಅವ್ವನ ಪ್ರಾರ್ಥನೆ ಮುಗಿಯಲೇ ಇಲ್ಲ; ಬಹಳ ಹೊತ್ತಿನ ಮೇಲೆ ಅವನ ಚಪ್ಪಲಿ ಸದ್ದು ಓಣಿ ದಾಟಿತು. ಅವ್ವ ಎದ್ದು ಚಿಲಕ ಹಾಕಿದ ಮೇಲೆಯೇ ಆಮೆನ್ ಅಂದಳು.