ಕ್ಯಾಸೆಟ್ಟು ಕೇಳುವ ಶಾಸ್ತ್ರ

ಕ್ಯಾಸೆಟ್ಟುಗಳು ತಾವು ಹಾಡುವಾಗ ಮನೆಯಲ್ಲಿ ನಡೆದದ್ದನ್ನೆಲ್ಲ ತುಂಬಿಕೊಳ್ಳುತ್ತವೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದಕ್ಕೇ ದಾವಣಗೆರೆಯಲ್ಲಿ ಗಂಡಿನ ಕಡೆಯವರು ಮೊದಲು ಹೆಣ್ಣಿನ ಮನೆಯ ಹಳೇ ಕ್ಯಾಸೆಟ್ಟು ಕೇಳಿ, ಆಮೇಲಷ್ಟೇ ಉಪ್ಪಿಟ್ಟಿನ ತಟ್ಟೆ ಮುಟ್ಟುತ್ತಿದ್ದರು.

ಮಗಳನ್ನು ನೋಡಲು ನಾಳೆ ಬರುವವರಿಗೆ ಕೇಳಿಸಲೆಂದು ನಿರ್ಮಲಾ ತನ್ನ ತಾಯಿಯ ಟ್ರಂಕು ತಡಕಿದಾಗ, ಸೀರೆಗಳ ಅಡಿಯಲ್ಲಿ ಆ ಭಾವಗೀತೆಗಳ ಕ್ಯಾಸೆಟ್ಟು ಸಿಕ್ಕಿತು. ಚಿಕ್ಕಂದಿನಲ್ಲಿ ಅವಳಿಗೆ ಅದೆಂದರೆ ಪ್ರಾಣ. ಮೂವತ್ತು ವರ್ಷದಿಂದ ಅದರ ನೆನಪೇ ಆಗಿರಲಿಲ್ಲ.

"ಅದನ್ನ ಹಾಕ್ಬ್ಯಾಡವ್ವ," ಎಂದಳು ತಾಯಿ ಹಾಲಮ್ಮ. ಅವಳ ಎಡಗಿವಿ ಕೇಳುತ್ತಿರಲಿಲ್ಲ. ಜ್ವರದಲ್ಲಿ ಹೋಯಿತೆಂದು ಹೇಳುತ್ತಿದ್ದಳು.

ನಿರ್ಮಲಾ ಹಾಕಿಯೇಬಿಟ್ಟಳು. ಕೊಳಲು ಶುರುವಾಯಿತು, ಅದರ ಹಿಂದೆಯೇ ಬೆಲ್ಟಿನ ಏಟುಗಳು. ಸತ್ತ ಅಪ್ಪನ ಬೈಗುಳ, ಗೋಡೆಗೆ ತಲೆ ಬಡಿದ ಸದ್ದು, ಮತ್ತೊಮ್ಮೆ, ಮಗದೊಮ್ಮೆ. ಪಾತ್ರೆಗಳು ಉರುಳಿದವು, ಅವ್ವ ಉಸಿರಿಗಾಗಿ ಒದ್ದಾಡಿದಳು. ಹಾಡು ಮಾತ್ರ ಈಗಲೂ ಅಷ್ಟೇ ಇಂಪಾಗಿತ್ತು.

ನಿಲ್ಲಿಸಲು ಕೈ ಚಾಚುವಷ್ಟರಲ್ಲಿ, ತೀರ ಹತ್ತಿರದಿಂದ ಪುಟ್ಟ ಹುಡುಗಿಯೊಬ್ಬಳ ದನಿ ಕೇಳಿತು: "ಅಪ್ಪಾ, ಪಕ್ಕದ್ಮನೆಯೋರಿಗೆ ಕೇಳ್ತತಿ. ಸೌಂಡ್ ಜಾಸ್ತಿ ಮಾಡ್ಲಾ?"

ನಿರ್ಮಲಾಗೆ ತನ್ನ ದನಿಯ ಗುರುತು ಹತ್ತಿತು.

ಹಾಲಮ್ಮ ಟೇಪು ಬಂದ್ ಮಾಡಿದಳು. "ಇದನ್ನ ನಿಮ್ಮಪ್ಪನ ಸಲುವಾಗಿ ಬಚ್ಚಿಟ್ಟಿರ್ಲಿಲ್ಲವ್ವ," ಎಂದಳು.